ಅಪ್‌ಡೇಟ್: ಹಕ್ಕಿಗಳ ತುರ್ತು ಪೆಟ್ಟಿಗೆ ಸಿದ್ಧ

ಚಿಕ್ಕಮಗಳೂರಿನ ಮಳೆಗಾಲದ ಥಂಡಿಗೆ ಬಡ್ಜಿಗಳು (ಪುಟ್ಟ ಸಾಕುಗಿಳಿಗಳು) ಮಂಕಾದರೆ ಮೊದಲು ಏನು ಮಾಡಬೇಕು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಮಂಕಾದ ಹಕ್ಕಿಯನ್ನು ಬೆಚ್ಚಗಿಡಲು ಗಾಳಿ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ, ತಳಕ್ಕೆ ಬಿಳಿ ಟಿಶ್ಯೂ. ಹಿಕ್ಕೆಯ ಬಣ್ಣ ಕಾಣಬೇಕಲ್ಲ. ಬಿಸಿ ಹೊರಗಿನಿಂದ, ಒಂದೇ ಬದಿಗೆ, ಅಲ್ಲಿ ಸುಮಾರು 30 ಡಿಗ್ರಿ. ಇಡೀ ಡಬ್ಬಿ ಕಾಯಿಸಿದರೆ ಹಕ್ಕಿಗೆ ಸರಿದು ಕೂರಲು ತಂಪು ಜಾಗವೇ ಇರಲ್ಲ. ರೆಕ್ಕೆ ಅಗಲಿಸಿ ಬಾಯಿ ತೆರೆದು ಏದುಸಿರು ಬಿಟ್ಟರೆ ಶಾಖ ತಗ್ಗಿಸಿ. ಕರೆಂಟ್ ಹೋದರೆ (ಹೋಗೇ ಹೋಗುತ್ತೆ) ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ.

ಸಿರಿಂಜ್‌ನಲ್ಲಿ ನೀರು ಕುಡಿಸುವ ಸಲಹೆ ಮಾತ್ರ ಕೈಬಿಟ್ಟೆ: ಶ್ವಾಸನಾಳಕ್ಕೆ ಇಳಿದರೆ ಮುಗೀತು.

ಗ್ರಾಂ ತಕ್ಕಡಿಯಲ್ಲಿ ವಾರಕ್ಕೊಮ್ಮೆ, ಬೆಳಿಗ್ಗೆ ಕಾಳು ಹಾಕುವ ಮೊದಲು ತೂಕ. 40 ಗ್ರಾಂ ಹಕ್ಕಿ 36ಕ್ಕೆ ಇಳಿದರೆ ಕಾಯುವಂತಿಲ್ಲ. ಹಕ್ಕಿ ನೋಡುವ ವೈದ್ಯರು ಯಾವಾಗ ಸಿಗುತ್ತಾರೆಂದು ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಈಗಲೇ ಫೋನ್ ಮಾಡಿ ತಿಳಿದುಕೊಂಡಿರಿ.