ಮೆಡಿಟರೇನಿಯನ್‌ನಲ್ಲಿ ಸ್ಕೂಬಾ ಡೈವಿಂಗ್: ಮಾಲ್ಟಾನೋ, ಸೈಪ್ರಸ್ಸೋ, ಸ್ಪೇನೋ?

ಪ್ರಶ್ನೆ

ಸೆಪ್ಟೆಂಬರ್ ಕೊನೆಯ ವಾರ ಗಂಡ ಹೆಂಡತಿ ಹೊರಟಿದ್ದೇವೆ. ಐದು ದಿನ ಡೈವ್ ಮಾಡುವ ಆಸೆ. ಒಬ್ಬರದು ಅಡ್ವಾನ್ಸ್‌ಡ್ ಕಾರ್ಡ್ (30 ಮೀಟರ್ ತನಕ), ಇನ್ನೊಬ್ಬರದು ಮೊದಲ ಹಂತದ ಓಪನ್ ವಾಟರ್ (18 ಮೀಟರ್ ತನಕ). ಇಬ್ಬರೂ ಕಲಿತದ್ದು ನೇತ್ರಾಣಿಯಲ್ಲಿ, ತಣ್ಣೀರಿನ ಅಭ್ಯಾಸವಿಲ್ಲ. ಮಾಲ್ಟಾ, ಸೈಪ್ರಸ್, ಸ್ಪೇನ್ ಮೂರರಲ್ಲಿ ಯಾವುದು ಒಳ್ಳೆಯದು? ಸೂಟ್, ಸೊಂಟಕ್ಕೆ ಕಟ್ಟುವ ತೂಕ, ಕಾಗದಪತ್ರದ ಬಗ್ಗೆಯೂ ತಿಳಿಸಿ.

ಮಾಲ್ಟಾ ಬಲ್ಲವರ ಉತ್ತರ

ಜಾಗದ ಚಂದ ಆಮೇಲೆ, ಮೊದಲು ಗಾಳಿ ನೋಡಿ. ಮೆಡಿಟರೇನಿಯನ್‌ನಲ್ಲಿ ಉಬ್ಬರವಿಳಿತ ಅಷ್ಟಕ್ಕಷ್ಟೇ. ಡೈವ್ ಕೆಡಿಸುವುದು ಗಾಳಿ, ಅದು ಎಬ್ಬಿಸುವ ಅಲೆ. ಇರುವುದೇ ಐದು ದಿನ ಎಂದರೆ, ಒಂದು ದಂಡೆ ಕೆಟ್ಟಾಗ ಇನ್ನೊಂದು ದಂಡೆಗೆ ಕಾರಿನಲ್ಲಿ ಹೋಗುವಂಥ ಊರು ಬೇಕು. ಆ ಲೆಕ್ಕದಲ್ಲಿ ಮಾಲ್ಟಾ ಮತ್ತು ಅದರ ಪಕ್ಕದ ದ್ವೀಪ ಗೋಜೋಗೆ ನನ್ನ ಓಟು.

ಅಲ್ಲಿ ಹೆಚ್ಚಾಗಿ ಬೀಸುವುದು ವಾಯವ್ಯದ ಗಾಳಿ. ಅದು ಜೋರಾದರೆ ಮಾಲ್ಟಾದ ಉತ್ತರ ತುದಿಯ ಚಿರ್ಕೆವ್ವಾ ಮತ್ತು ಗೋಜೋದ ಡ್ವೇರಾ ಕೈಬಿಟ್ಟು ದಕ್ಷಿಣ ದಂಡೆಯ ವೀದ್ ಇಜ್ ಜುರ್ರೀಕ್‌ಗೆ ಹೋಗಿ. ಅಲ್ಲಿರುವುದು ಉಮ್ ಎಲ್ ಫರೂದ್, 1998ರಲ್ಲಿ ಬೇಕೆಂದೇ ಮುಳುಗಿಸಿದ 110 ಮೀಟರ್ ಉದ್ದದ ಟ್ಯಾಂಕರ್. ತಳ 36 ಮೀಟರ್, ಮೇಲ್ತುದಿ 18ರ ಆಸುಪಾಸು. ಅಂದರೆ ಇದು ಅಡ್ವಾನ್ಸ್‌ಡ್ ಕಾರ್ಡಿನವರ ಡೈವ್. ದಕ್ಷಿಣದ ಗಾಳಿ ಎದ್ದರೆ ಈ ಜಾಗ ಮುಚ್ಚಿಹೋಗುತ್ತದೆ, ಆಗ ಉತ್ತರಕ್ಕೆ ತಿರುಗಿ. ವ್ಯಾಲೆಟಾ ಪಕ್ಕದಲ್ಲೇ 1942ರಲ್ಲಿ ಬಾಂಬ್ ಬಿದ್ದು ಹಾಳಾದ ಯುದ್ಧನೌಕೆ ಎಚ್‌ಎಂಎಸ್ ಮಾವೋರಿಯ ಅವಶೇಷ ಇದೆ. ಆಳ ಸುಮಾರು 14 ಮೀಟರ್, ಓಪನ್ ವಾಟರ್ ಕಾರ್ಡಿಗೆ ಸರಿಯಾಗಿ ಹೊಂದುತ್ತದೆ.

ಡ್ವೇರಾದ ಬ್ಲೂ ಹೋಲ್, ಅಂದರೆ ದಂಡೆಯ ಬಂಡೆಯ ನಡುವಿನ ನೀರಿನ ಗುಂಡಿ, ನಿಮ್ಮಿಬ್ಬರಿಗೂ ಸಾಧ್ಯ. ತಳ 15 ಮೀಟರ್ ಹತ್ತಿರ, ಸುಮಾರು 8 ಮೀಟರ್‌ನಲ್ಲಿರುವ ಕಮಾನಿನಿಂದ ಹೊರಗಿನ ಕಡಲಿಗೆ ದಾರಿ. 2017ರ ಮಾರ್ಚ್‌ನಲ್ಲಿ ಬಿದ್ದ ಅಜೂರ್ ವಿಂಡೋ ಎಂಬ ಕಲ್ಲಿನ ಕಮಾನಿನ ಬಂಡೆಗಳೂ ಹೊರಗೆ ಅಲ್ಲೇ ಇವೆ. ನೀರಿಗಿಳಿಯುವ ತನಕ ಚೂಪು ಕಲ್ಲಿನ ಮೇಲೆ ನಡಿಗೆ, ಹಾಗಾಗಿ ದಪ್ಪ ಅಟ್ಟೆಯ ಬೂಟ್ ಇಲ್ಲದೆ ಹೋಗಬೇಡಿ. ಇಳಿಯುವುದಕ್ಕಿಂತ ಹತ್ತುವಾಗಲೇ ಏಟು ಬೀಳುವುದು ಹೆಚ್ಚು. ಅಲೆ ಕಲ್ಲಿನ ಅಂಚು ದಾಟಿ ಒಳಗೆ ಸುರಿಯುತ್ತಿದ್ದರೆ ಆ ದಿನ ಬ್ಲೂ ಹೋಲ್ ಬೇಡ, ಗೈಡ್ ಏನೇ ಹೇಳಲಿ. ಪಕ್ಕದ ಇನ್‌ಲ್ಯಾಂಡ್ ಸೀ ಎಂಬ ಕೊಳದಿಂದ ಕಡಲಿಗೆ ಹೋಗುವ ಸುರಂಗದಲ್ಲಿ ತಲೆಯ ಮೇಲೆ ಪ್ರವಾಸಿ ದೋಣಿಗಳು ಓಡಾಡುತ್ತವೆ. ಗೋಡೆಗೆ ಒತ್ತಿಕೊಂಡು, ತಳಕ್ಕೆ ಹತ್ತಿರವಾಗಿ ಈಜಿ, ನಡುವೆ ಮೇಲೇಳಬೇಡಿ.

ಸೈಪ್ರಸ್ ಪರ ಒಂದು ಮಾತು

ಮೇಲಿನವರು ಹೇಳಿದ್ದಕ್ಕೆ ಅಡ್ಡಿಯಿಲ್ಲ. ಆದರೆ ಮುಳುಗಿದ ಹಡಗೇ ಮುಖ್ಯ ಅನ್ನುವವರು ಲಾರ್ನಕಾದ ಜೆನೋಬಿಯಾ ಬಿಡುವಂತಿಲ್ಲ. 170 ಮೀಟರಿಗೂ ಉದ್ದದ ಈ ಫೆರ‍್ರಿ 1980ರ ಜೂನ್‌ನಲ್ಲಿ, ತನ್ನ ಮೊದಲ ಯಾನದಲ್ಲೇ, ನೂರಕ್ಕೂ ಹೆಚ್ಚು ಲಾರಿಗಳ ಸಮೇತ ಮುಳುಗಿತು. ಎಡಮಗ್ಗುಲಿಗೆ ಮಲಗಿದೆ. ಬಲಮಗ್ಗುಲು 16–17 ಮೀಟರ್‌ನಲ್ಲಿ ಸಿಗುತ್ತದೆ, ಮರಳು 42ರಲ್ಲಿ. ಓಪನ್ ವಾಟರ್‌ನವರು ಮೇಲಿನ ಮಗ್ಗುಲಿನ ಉದ್ದಕ್ಕೂ ಈಜಿ ಬರಬಹುದು, ಅಷ್ಟಕ್ಕೇ ಒಂದು ಡೈವ್ ಸಾರ್ಥಕ. ಕೆಳಗೆ ಚೆಲ್ಲಿರುವ ಲಾರಿಗಳು ನಿಮ್ಮಿಬ್ಬರ ಮಿತಿಯೂ ಮೀರಿದ್ದು.

ಹಡಗು ಅಡ್ಡ ಬಿದ್ದಿರುವುದರಿಂದ ಅದರ ನೆಲವೇ ಗೋಡೆಯಾಗಿ ನಿಂತಿದೆ. ಒಳಗೆ ಹೊಕ್ಕವರಿಗೆ ಮೇಲು ಕೆಳಗು ತಪ್ಪುವುದು ಅದಕ್ಕೇ. ವ್ರೆಕ್ (ಮುಳುಗಿದ ಹಡಗಿನೊಳಗೆ ಹೋಗುವ) ತರಬೇತಿ ಇಲ್ಲದೆ ಬಾಗಿಲ ಆಚೆ ಕಾಲಿಡಬೇಡಿ.

ಉಸಿರಾಡುವ ಗಾಳಿಯ ಲೆಕ್ಕ ಮನೆಯಲ್ಲೇ ಹಾಕಿಕೊಳ್ಳಿ. 12 ಲೀಟರ್ ಸಿಲಿಂಡರ್, ಒತ್ತಡ 200 ಬಾರ್. 50 ಬಾರ್ ಮೀಸಲು ತೆಗೆದರೆ ಬಳಕೆಗೆ 1,800 ಲೀಟರ್. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 30 ಮೀಟರ್‌ನಲ್ಲಿ, ಒತ್ತಡ ನಾಲ್ಕು ಪಟ್ಟು ಆಗುವುದರಿಂದ, 80 ಲೀಟರ್ ಖಾಲಿ ಮಾಡುತ್ತಾರೆ. 22 ನಿಮಿಷಕ್ಕೆ ಮುಗಿಯಿತು, ಅದರಲ್ಲೇ ಇಳಿಯುವುದು, ಏರುವುದು, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವುದು. 15 ಲೀಟರ್ ಸಿಲಿಂಡರ್ ಸಿಕ್ಕರೆ ಕೇಳಿ ಪಡೆಯಿರಿ.

ಬರೀ ಜೆನೋಬಿಯಾ ನಂಬಿ ಐದು ದಿನ ಕಳೆಯಬಹುದೇ ಅಂದರೆ, ಅದು ನಿಮ್ಮ ಹಡಗಿನ ಹುಚ್ಚಿಗೆ ಬಿಟ್ಟದ್ದು.

ಮೀನು ನೋಡಬೇಕೆನ್ನುವವರಿಗೆ

ಅಂಡಮಾನ್, ಲಕ್ಷದ್ವೀಪದ ಹವಳದ ತೋಟ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಶೆ ಖಂಡಿತ. ಇಲ್ಲಿ ಬಂಡೆ, ಗುಹೆ, ಪೊಸಿಡೋನಿಯಾ ಎಂಬ ಕಡಲ ಹುಲ್ಲುಗಾವಲು. ಆಳದಲ್ಲಿ ಬೀಸಣಿಗೆಯಂತೆ ಹರಡಿದ ಕೆಂಪು ಗೋರ್ಗೋನಿಯನ್ ಎಂಬ ಮೆದು ಹವಳ. ಮೀನು ದಟ್ಟವಾಗಿರುವುದು ಮೀನುಗಾರಿಕೆ ನಿಲ್ಲಿಸಿದ ಕಡೆ ಮಾತ್ರ. ಸ್ಪೇನಿನ ಲೆಸ್ತಾರ್ತಿತ್ ಎದುರಿನ ಮೆಡೆಸ್ ದ್ವೀಪಗಳು, ಫ್ರಾನ್ಸಿನ ಪೋರ್ಟ್ ಕ್ರೋ (1963ರಿಂದ ರಾಷ್ಟ್ರೀಯ ಉದ್ಯಾನ), ಇಟಲಿಯ ಉಸ್ತಿಕಾ, ಇಲ್ಲೆಲ್ಲ ದೊಡ್ಡ ಗ್ರೂಪರ್‌ಗಳು ಅಂಜದೆ ಹತ್ತಿರ ಬರುತ್ತವೆ. ಮೆಡೆಸ್‌ನಲ್ಲಿ ದಿನಕ್ಕೆ ಇಷ್ಟೇ ಡೈವರ್‌ಗಳು ಎಂಬ ಮಿತಿ ಇದೆ, ಹೋಗಿ ನೋಡೋಣ ಅಂದರೆ ಆಗದು. ಉತ್ತರದ ತ್ರಾಮುಂತಾನಾ ಗಾಳಿ ಬೀಸಿದರೆ ದೋಣಿಯೇ ಹೊರಡದೆ ದಿನ ಹೋಗಬಹುದು.

ಅಲ್ಲಿನ ಇನ್ನೊಂದು ಕಾಟ ಥರ್ಮೋಕ್ಲೈನ್. ಮೇಲೆ 21–22 ಡಿಗ್ರಿ ಇದ್ದ ನೀರು 20 ಮೀಟರ್ ಆಸುಪಾಸಿನಲ್ಲಿ ಒಮ್ಮೆಗೇ ನಾಲ್ಕೈದು ಡಿಗ್ರಿ ಇಳಿಯಬಹುದು. ನೇತ್ರಾಣಿಯ ಬಿಸಿನೀರಿನಿಂದ ಹೋದವರು ಅಲ್ಲಿ ಉಸಿರು ಜೋರಾಗಿ ಎಳೆದು ಗಾಳಿ ಬೇಗ ಖಾಲಿ ಮಾಡುತ್ತಾರೆ. ನಿಮಗೆ ಈ ಸಲ ಸ್ಪೇನ್ ಬೇಡ.

ಸೂಟ್, ತೂಕ, ವಾಲ್ವ್

ಮಾಲ್ಟಾದಲ್ಲಿ ಸೆಪ್ಟೆಂಬರ್ ಕೊನೆಗೆ ನೀರು 25ರ ಹತ್ತಿರ, ಸೈಪ್ರಸ್‌ನಲ್ಲಿ ಇನ್ನೂ ಒಂದೆರಡು ಡಿಗ್ರಿ ಹೆಚ್ಚು. 5 ಮಿ.ಮೀ. ಫುಲ್ ಸೂಟ್ ಸಾಕು, ದಿನಕ್ಕೆರಡು ಡೈವ್ ಇದ್ದರೆ ತಲೆಗೆ ಹುಡ್ ಇರಲಿ. ಸ್ಪೇನ್‌ಗೆ 7 ಮಿ.ಮೀ.

ನೇತ್ರಾಣಿಯ ತೂಕ ಮೆಡಿಟರೇನಿಯನ್‌ನಲ್ಲಿ ನಡೆಯದು. 3ರಿಂದ 5 ಮಿ.ಮೀ.ಗೆ ಹೋದಾಗ ತೇಲುವಿಕೆ ಹೆಚ್ಚುತ್ತದೆ, ತೂಕ ಸೇರಿಸಬೇಕು. ಆದರೆ ಅಲ್ಲಿ ಉಕ್ಕಿನ ಸಿಲಿಂಡರ್ ಕೊಟ್ಟರೆ ಸುಮಾರು 2 ಕಿಲೋ ಕಳೆಯಬೇಕು, ಏಕೆಂದರೆ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದಾಗ ತೇಲುತ್ತದೆ, ಉಕ್ಕಿನದು ತೇಲುವುದಿಲ್ಲ. ಉಪ್ಪು ಜಾಸ್ತಿ ಅಂತ ಕಿಲೋಗಟ್ಟಲೆ ಸೇರಿಸುವವರಿದ್ದಾರೆ. ಆ ವ್ಯತ್ಯಾಸ ಅರ್ಧ ಕಿಲೋಗೂ ಕಮ್ಮಿ. ಮೊದಲ ದಿನ ಡೈವ್ ಮುಗಿಸಿ 50 ಬಾರ್ ಉಳಿದಾಗ ಪರೀಕ್ಷಿಸಿ: ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್) ಖಾಲಿ ಮಾಡಿ, ಸಾಧಾರಣ ಉಸಿರು ಹಿಡಿದರೆ ನೀರು ಕಣ್ಣಿನ ಮಟ್ಟಕ್ಕಿರಬೇಕು, ಬಿಟ್ಟರೆ ಮುಳುಗಬೇಕು. ತುಂಬಿದ ಸಿಲಿಂಡರ್‌ನಲ್ಲಿ ನೋಡಿದರೆ 2 ಕಿಲೋ ಹೆಚ್ಚು ಕಟ್ಟಿಕೊಳ್ಳಿ. ಡೈವ್‌ನಲ್ಲಿ ಖರ್ಚಾಗುವ ಗಾಳಿಯ ತೂಕವೇ ಅಷ್ಟಿದೆ. ಇದನ್ನು ಮರೆತವರೇ ಕೊನೆಗೆ 5 ಮೀಟರ್‌ನಲ್ಲಿ ನಿಲ್ಲಲಾಗದೆ ಮೇಲೆ ಚಿಮ್ಮುವುದು.

ಸ್ವಂತ ರೆಗ್ಯುಲೇಟರ್ (ಸಿಲಿಂಡರಿನಿಂದ ಬಾಯಿಗೆ ಗಾಳಿ ಕೊಡುವ ಉಪಕರಣ) ಒಯ್ಯುವುದಾದರೆ, ಅದು ವಾಲ್ವ್ ಮೇಲೆ ಕೂರಿಸಿ ಬಿಗಿಯುವ ಯೋಕ್ ಮಾದರಿಯದೋ ಎಂದು ನೋಡಿಕೊಳ್ಳಿ. ಯುರೋಪಿನಲ್ಲಿ ತಿರುಪು ಹಾಕುವ ಡಿನ್ ವಾಲ್ವ್ ಬಳಕೆ ಹೆಚ್ಚು. ಯೋಕ್ ಆದರೆ, ಅದು ಹೊಂದುವಂತೆ ವಾಲ್ವ್‌ಗೆ ಹಾಕುವ ಇನ್‌ಸರ್ಟ್ ಇದೆಯೇ ಎಂದು ಮೊದಲೇ ಬರೆದು ಕೇಳಿ.

ಕಾಗದಪತ್ರ

ವೀಸಾಕ್ಕೆಂದು ಮಾಡಿಸಿದ ಪ್ರವಾಸ ವಿಮೆ ಡೈವಿಂಗ್‌ಗೂ ಅನ್ವಯಿಸುತ್ತದೆ ಅಂದುಕೊಳ್ಳಬೇಡಿ. ಷರತ್ತಿನಲ್ಲಿ ಆಳದ ಮಿತಿ ಇದೆಯೇ, ರೀಕಂಪ್ರೆಷನ್ ಚೇಂಬರ್ (ಡೈವಿಂಗ್ ಕಾಯಿಲೆಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ) ಖರ್ಚು ಸೇರಿದೆಯೇ ಓದಿ. ಇಲ್ಲದಿದ್ದರೆ ಡೈವರ್‌ಗಳ ವಿಮೆ ಪ್ರತ್ಯೇಕ ಮಾಡಿಸಿ. ಆರೋಗ್ಯದ ಪ್ರಶ್ನಾವಳಿಯನ್ನು ಊರಲ್ಲೇ ತುಂಬಿ ನೋಡಿ. ಆಸ್ತಮಾ, ಬಿಪಿ ಮಾತ್ರೆ ಇತ್ಯಾದಿಗೆ ಒಂದು ‘ಹೌದು’ ಬಂದರೂ ವೈದ್ಯರ ಸಹಿ ಬೇಕು, ಅದಿಲ್ಲದೆ ನೀರಿಗೆ ಬಿಡುವುದಿಲ್ಲ. ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ. ಆರನೇ ದಿನ ವ್ಯಾಲೆಟಾ ಸುತ್ತಿ.

ಪ್ರಶ್ನೆ ಕೇಳಿದವರು

ಧನ್ಯವಾದ. ಮಾಲ್ಟಾ ಎಂದಾಯಿತು. ಇಬ್ಬರ ಕಾರ್ಡ್ ಬೇರೆ ಇರುವುದರಿಂದ ಒಟ್ಟಿಗೆ ಇಳಿಯಲು ಬಿಡುತ್ತಾರಾ?

ಮಾಲ್ಟಾ ಬಲ್ಲವರು

ಬಿಡುತ್ತಾರೆ, ಆದರೆ ಜೋಡಿಯಾಗಿ ಇಳಿದರೆ ಕಮ್ಮಿ ಕಾರ್ಡಿನವರ ಮಿತಿಯೇ ಇಬ್ಬರಿಗೂ, ಅಂದರೆ 18 ಮೀಟರ್, ಜೊತೆಗೆ ಗೈಡ್. ಉಮ್ ಎಲ್ ಫರೂದ್ ದಿನ ಅಡ್ವಾನ್ಸ್‌ಡ್‌ನವರಿಗೆ ಬೇರೆ ಜೊತೆಗಾರ ಸಿಗುವರೇ ಕೇಳಿ. ಮುಂಗಡ ಕಟ್ಟುವ ಮೊದಲು ಇನ್ನೂ ಮೂರು ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ, ಬಾಡಿಗೆಯಲ್ಲಿ ಡೈವ್ ಕಂಪ್ಯೂಟರ್ ಸೇರಿದೆಯೇ, ಗಾಳಿಗೆ ಡೈವ್ ರದ್ದಾದರೆ ಹಣ ವಾಪಸೋ ಇಲ್ಲ ಬೇರೆ ದಿನವೋ.