ಹೊನ್ನೆ, ಸುರಹೊನ್ನೆ, ‘ಪೂನ್’: ಯಾವುದು ಯಾವ ಮರ?

ಬಲ್ಲವರಲ್ಲಿ ಒಂದು ಸಂದೇಹ.

ಕರಾವಳಿಯ ಹಳೆಯ ಹಡಗು ವ್ಯಾಪಾರದ ಬಗೆಗಿನ ಇಂಗ್ಲಿಷ್ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆನರಾದ ಕಾಡುಗಳಿಂದ ಹಡಗಿನ ಕೂವೆಗೆಂದು ಕಡಿದು ತರುತ್ತಿದ್ದ ‘ಪೂನ್’ ಮರದ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. (ಕೂವೆ ಎಂದರೆ ಇಲ್ಲಿ ಹಾಯಿ ಕಟ್ಟುವ ಕಂಬ. ಬೆಂಗಳೂರಿನ ನಮಗೆ ಮಕ್ಕಳಿಗೆ ಗಂಜಿ ಮಾಡುವ ಕೂವೆಹಿಟ್ಟು ನೆನಪಾದರೆ ತಪ್ಪೇನಿಲ್ಲ.) ನಾನು ‘ಸುರಹೊನ್ನೆ’ ಎಂದು ಬರೆದಿದ್ದೆ. ಕರಡು ತಿದ್ದಿದ ಗೆಳೆಯರು ‘ಸುರ’ವನ್ನು ಹೊಡೆದುಹಾಕಿ, ‘ಬರೀ ಹೊನ್ನೆ ಸಾಕು’ ಎಂದು ಅಂಚಿನಲ್ಲಿ ಗೀಚಿದ್ದಾರೆ.

ಸಾಕಾಗದು ಎಂಬುದು ನನ್ನ ವಾದ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಹೊನ್ನೆ ಬೇಕೆಂದರೆ ಬಾಗಿಲ ಚೌಕಟ್ಟಿನ ಅಳತೆ ಕೇಳುತ್ತಾರೆ. ಅದು ಟೆರೊಕಾರ್ಪಸ್ ಮಾರ್ಸುಪಿಯಮ್: ಎಲೆ ಉದುರಿಸುವ ಮರ, ತೊಗಟೆಗೆ ಗಾಯವಾದರೆ ಕೆಂಪು ಅಂಟು ಸುರಿಸುತ್ತದೆ. ಸಕ್ಕರೆ ಕಾಯಿಲೆಯವರು ರಾತ್ರಿ ನೀರು ತುಂಬಿಸಿಟ್ಟು ಬೆಳಿಗ್ಗೆ ಕುಡಿಯುವ ಮರದ ಲೋಟವೂ ಅದರದೇ ಚೇಗು. ಇದಕ್ಕೆ ಬೇಂಗೆ ಎಂಬ ಇನ್ನೊಂದು ಹೆಸರಿದೆ. ತಮಿಳಿನ ವೇಂಗೈ ಇದರ ನಂಟ. ನಮ್ಮ ಊರಿನ ಹೆಸರನ್ನೇ ಈ ಬೇಂಗೆಗೆ ಗಂಟು ಹಾಕುವವರಿದ್ದಾರೆ. ಸುಮಾರು 890ರ ಬೇಗೂರು ಶಾಸನದಲ್ಲಿಯೇ ‘ಬೆಂಗಳೂರು ಕಾಳಗ’ ಬರುವುದರಿಂದ, ಹನ್ನೆರಡನೆಯ ಶತಮಾನದ ಬಲ್ಲಾಳನ ಬೆಂದಕಾಳಿನ ಕತೆಗಿಂತ ಈ ಮರವೇ ನನಗೆ ಹೆಚ್ಚು ಹಿಡಿಸುತ್ತದೆ. ಇರಲಿ, ಅದು ಬೇರೆ ಜಗಳ.

‘ಪೂನ್’ ಈ ಕುಲದ್ದೇ ಅಲ್ಲ. ಅದು ನಿತ್ಯಹಸಿರಿನ ಕ್ಯಾಲೊಫಿಲಮ್. ತಮಿಳಿನಲ್ಲಿ ಪುನ್ನೈ, ಮಲಯಾಳದಲ್ಲಿ ಪುನ್ನ, ತುಳುವಿನಲ್ಲಿ ಪೊನ್ನೆ. ಹೊಗೆಗೆ ತಮಿಳಿನಲ್ಲಿ ಪುಗೈ, ಕೊಡೆಗೆ ಕುಡೈ, ಒಲೆಗೆ ಉಲೈ. ಅದೇ ಜಾಡಿನಲ್ಲಿ ಪುನ್ನೈ ನಮ್ಮಲ್ಲಿ ಪೊನ್ನೆಯಾಗಬೇಕು, ಆಮೇಲೆ ಪಾಲು ಹಾಲಾದಂತೆ ಹೊನ್ನೆಯಾಗಬೇಕು. ಹಾಗೆಯೇ ಆಗಿದೆ. ಇಂಗ್ಲಿಷಿನವರ ಬಾಯಲ್ಲಿ ‘ಪ’ಕಾರವೂ ‘ಉ’ಕಾರವೂ ಉಳಿದಿರುವುದನ್ನು ನೋಡಿದರೆ, ಅವರು ಅದನ್ನು ಘಟ್ಟದ ಮೇಲಿನವರಿಂದ ಕೇಳಿರಲಾರರು. ಅಂದರೆ ಹೊನ್ನೆ ಎಂಬ ರೂಪಕ್ಕೆ ಈ ಮರವೂ ಹಕ್ಕುದಾರನೇ. ತೊಡಕು ಹುಟ್ಟುವುದೂ ಅಲ್ಲಿಯೇ. ‘ಸುರ’ ಸೇರಿಸದಿದ್ದರೆ ಓದುಗ ಚೌಕಟ್ಟಿನ ಮರವನ್ನೇ ಸಮುದ್ರಕ್ಕೆ ಇಳಿಸುತ್ತಾನೆ.

ಆದರೆ ‘ಸುರಹೊನ್ನೆ’ಯೂ ಪೂರ್ತಿ ಕೂಡಿಬರುವುದಿಲ್ಲ. ಸುರಹೊನ್ನೆ ಎಂದು ನಾವು ಗುರುತಿಸುವುದು ಕಡಲ ದಂಡೆಯ ಕ್ಯಾಲೊಫಿಲಮ್ ಇನೊಫಿಲಮ್ ಅನ್ನು: ಮಿರುಗುವ ದಪ್ಪ ಎಲೆ, ಬಾಚಣಿಗೆಯಿಂದ ಎಳೆದಂತಹ ಒತ್ತು ನರಗಳು, ಹಳದಿ ಕೇಸರದ ಬಿಳಿ ಹೂವು, ಗೋಲಿಯಂತಹ ಕಾಯಿ. ಬೀಜದ ಎಣ್ಣೆ ದೀಪಕ್ಕೆ ಆಗುತ್ತಿತ್ತು. ಕೆಂಪು ಛಾಯೆಯ ಮರದಿಂದ ದೋಣಿ ಕಟ್ಟುತ್ತಿದ್ದರು. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸುಲಭವಾಗಿ ಸೀಳುವುದಿಲ್ಲ. ಕೂವೆಗೆ ಬೇಕಾದ ನೆಟ್ಟನೆಯ ಉದ್ದ ಕಾಂಡ ಮಾತ್ರ ದಂಡೆಯ ಮರದಲ್ಲಿ ಅಪರೂಪ. ಅಲ್ಲಿ ಅದು ಹೆಚ್ಚಾಗಿ ನೀರಿನ ಕಡೆಗೆ ವಾಲಿಕೊಂಡೇ ಬೆಳೆಯುತ್ತದೆ. ಕೂವೆಮರ ಬರುತ್ತಿದ್ದುದು ಘಟ್ಟದ ದಟ್ಟ ಕಾಡಿನಲ್ಲಿ ಬೆಳಕಿಗಾಗಿ ನೇರ ಮೇಲೇರುವ ಇದರದೇ ದಾಯಾದಿಗಳಿಂದ. ಇಂಗ್ಲಿಷ್ ವ್ಯಾಪಾರಿಗೆ ಎಲ್ಲವೂ ‘ಪೂನ್’.

ಇನ್ನು ಸುರಗಿ. ಅದನ್ನೂ ಸುರಹೊನ್ನೆಯನ್ನೂ ಒಂದೇ ಎನ್ನುವವರಿದ್ದಾರೆ. ಒಂದೇ ಕುಟುಂಬ ನಿಜ, ಮರ ಬೇರೆ. ಒಣಗಿದ ಮೇಲೂ ಘಮ ಕಳೆದುಕೊಳ್ಳದೆ ಹೂದಂಡೆಯಾಗುವುದು ಸುರಗಿ.

ಸದ್ಯಕ್ಕೆ ‘ಕಾಡು ಸುರಹೊನ್ನೆ’ ಎಂದು ಬರೆದು, ಪಕ್ಕದಲ್ಲಿ ‘ಪೂನ್’ ಅನ್ನು ಹಾಗೆಯೇ ಉಳಿಸಿದ್ದೇನೆ. ಈ ಜೋಡಿಪದ ನನ್ನದೇ ಸೃಷ್ಟಿ, ನನಗೇ ಅಷ್ಟು ರುಚಿಸಿಲ್ಲ. ಶಿರಸಿ, ಸುಳ್ಯ, ಮಡಿಕೇರಿ ಕಡೆಯವರು ಘಟ್ಟದ ಆ ನೆಟ್ಟನೆಯ ಮರವನ್ನು ಮನೆಮಾತಿನಲ್ಲಿ ಏನೆಂದು ಕರೆಯುತ್ತೀರಿ? ಹೊನ್ನೆ ಎಂದರೆ ನಿಮ್ಮ ಕಡೆಯ ಬಡಗಿ ಯಾವ ಮರವನ್ನು ತೋರಿಸುತ್ತಾರೆ?