ಲಿನಕ್ಸ್ ಪೆಟ್ಟಿಗೆ ಕೊಳ್ಳಬೇಕೆ, ಡೌನ್‌ಲೋಡ್ ಸಾಕೆ?

ಪ್ರಶ್ನೆ: ಡಿವಿಡಿ, ಅಚ್ಚು ಹಾಕಿದ ಕೈಪಿಡಿ ಎರಡೂ ಇರುವ ಲಿನಕ್ಸ್ ಪೆಟ್ಟಿಗೆ ಮಾರಾಟಕ್ಕಿದೆ. ಅದೇ ಡಿಸ್ಟ್ರೋ (ಲಿನಕ್ಸ್ ಜೊತೆ ಬೇಕಾದ ತಂತ್ರಾಂಶಗಳನ್ನು ಸೇರಿಸಿದ ಸಿದ್ಧ ಕಟ್ಟು) ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹೀಗೆ ದುಡ್ಡಿಗೆ ಮಾರಬಹುದೆ? ಕೊಂಡರೆ ಹೆಚ್ಚಿಗೆ ಏನು ಸಿಗುತ್ತದೆ?

ಉತ್ತರ: ಧಾರಾಳವಾಗಿ ಮಾರಬಹುದು. ಲಿನಕ್ಸ್ ಹಂಚುವುದಕ್ಕೆ ನಿಯಮ ಹಾಕುವ ಜಿಪಿಎಲ್ ಲೈಸೆನ್ಸು ಬೆಲೆ ಇಡಬೇಡಿ ಎನ್ನುವುದಿಲ್ಲ. ಕೊಂಡವರಿಗೆ ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲ ಬರಹ) ಸಿಗಬೇಕು, ಅವರು ನಕಲು ಮಾಡಿ ಬೇರೆಯವರಿಗೆ ಕೊಟ್ಟರೆ ತಡೆಯಬಾರದು ಎನ್ನುತ್ತದೆ. ಹಾಗಾಗಿ ಪೆಟ್ಟಿಗೆಯ ಬೆಲೆ ಯಾವತ್ತೂ ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಬೆಲೆಯಲ್ಲ. ರೆಡ್ ಹ್ಯಾಟ್, ಸೂಸೆ, ಮ್ಯಾಂಡ್ರೇಕ್ ಪೆಟ್ಟಿಗೆಗಳು ಓಡುತ್ತಿದ್ದ ಕಾಲದಲ್ಲಿ ಮನೆಗಳಲ್ಲಿ ಇದ್ದದ್ದು 56ಕೆ ಮೋಡೆಮ್. ಸೆಕೆಂಡಿಗೆ 5 ಕೆಬಿ ಬಂದರೂ 700 ಎಂಬಿಯ ಒಂದು ಸಿಡಿ ಇಳಿಯಲು ಸುಮಾರು 40 ಗಂಟೆ ಬೇಕು, ಡಿಸ್ಟ್ರೋ ಒಂದಕ್ಕೆ ಅಂಥವು ಮೂರು ನಾಲ್ಕು. ಆಗ ಪೆಟ್ಟಿಗೆ ಕೊಂಡವರು ಜಾಣರೇ. ಕೈಪಿಡಿ, ಇಂತಿಷ್ಟು ದಿನದ ಇನ್‌ಸ್ಟಾಲೇಶನ್ ಸಹಾಯ, ಕೆಲವೊಮ್ಮೆ ಒಂದಷ್ಟು ಖಾಸಗಿ ತಂತ್ರಾಂಶವೂ ಜೊತೆಗೆ ಬರುತ್ತಿದ್ದವು. ಆ ಖಾಸಗಿ ಭಾಗಕ್ಕೆ ಜಿಪಿಎಲ್ ಅನ್ವಯಿಸುವುದಿಲ್ಲ, ಅದನ್ನು ಹಂಚುವ ಮುನ್ನ ಅದರದೇ ಲೈಸೆನ್ಸು ಓದಬೇಕು. 2003ರಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸ್ 9 ಆ ಸಾಲಿನ ಕೊನೆಯದು. ಆಮೇಲೆ ದುಡ್ಡು ಕೊಡುವವರಿಗೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್, ಉಳಿದವರಿಗೆ ಫೆಡೋರಾ ಎಂದಾಯಿತು.

ನಿಮ್ಮ ಪೆಟ್ಟಿಗೆಯ ಮೇಲೆ ಮೊದಲು ಆವೃತ್ತಿ ಸಂಖ್ಯೆ ನೋಡಿ. ಡಿವಿಡಿ ಅಚ್ಚಾದ ದಿನವೇ ಅದರೊಳಗಿನ ಪ್ಯಾಕೇಜುಗಳು (ತಂತ್ರಾಂಶದ ಕಟ್ಟುಗಳು) ಹಳತಾಗಲು ಶುರು. ಉಬುಂಟು ಡಿಸ್ಟ್ರೋದ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗೆ 5 ವರ್ಷ ಅಪ್‌ಡೇಟ್ ಬರುತ್ತದೆ, ನಡುವೆ ಬರುವ ಆವೃತ್ತಿಗಳಿಗೆ 9 ತಿಂಗಳು ಮಾತ್ರ. ಅವಧಿ ಮುಗಿದ ಆವೃತ್ತಿಯನ್ನು ಹಾಕಿಕೊಂಡರೆ ಭದ್ರತೆಯ ತೇಪೆಗಳು ಬರುವುದಿಲ್ಲ. ಪ್ಯಾಕೇಜುಗಳನ್ನು ಇಟ್ಟಿರುವ ರೆಪಾಸಿಟರಿಯನ್ನೂ ಬೇರೆ ವಿಳಾಸಕ್ಕೆ ಸರಿಸಿರುತ್ತಾರೆ, ಹೊಸ ಪ್ಯಾಕೇಜು ಕೇಳಿದಾಗಲೆಲ್ಲ 404 (ಅಲ್ಲಿ ಸಿಗಲಿಲ್ಲ ಎಂಬ) ಎರರ್ ಬರುತ್ತದೆ. ಇಂಟರ್ನೆಟ್ ಇಲ್ಲದ ಕಂಪ್ಯೂಟರಿಗೆ, ಇಲ್ಲವೇ ಆ ಕೈಪಿಡಿಯೇ ಬೇಕು ಎಂದಾದರೆ ಮಾತ್ರ ಪೆಟ್ಟಿಗೆಗೆ ದುಡ್ಡು ಹಾಕಿ.

ಮರುಪ್ರಶ್ನೆ: ಡೌನ್‌ಲೋಡ್ ಮಾಡಿದ ಐಎಸ್‌ಒ ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ, ಬೂಟ್ ಆಗುತ್ತಿಲ್ಲ. ಫೈಲೇ ಕೆಟ್ಟಿದೆಯೋ ಏನೋ?

ಉತ್ತರ: ಕಾಪಿ ಮಾಡಿದ್ದೇ ತಪ್ಪು. ಐಎಸ್‌ಒ ಎಂದರೆ ಇಡೀ ಡಿಸ್ಕಿನ ಪಡಿಯಚ್ಚು, ಅದನ್ನು ಫೈಲಿನಂತೆ ಇಟ್ಟರೆ ಕಂಪ್ಯೂಟರನ್ನು ಶುರು ಮಾಡಿಸುವ ಬೂಟ್‌ಲೋಡರ್ ತನ್ನ ಜಾಗಕ್ಕೆ ಹೋಗಿ ಕೂರುವುದಿಲ್ಲ. ರೂಫಸ್, ಎಚರ್ ಎಂಬ ತಂತ್ರಾಂಶಗಳಿಂದ ಅಥವಾ ಲಿನಕ್ಸ್‌ನ ಡಿಡಿ (dd) ಆದೇಶದಿಂದ ಬರೆಯಬೇಕು. ಡಿಡಿ ಬಳಸುವುದಾದರೆ ಮೊದಲು ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಆದೇಶ ಕೊಟ್ಟು, ಗಾತ್ರ ನೋಡಿ ಪೆನ್‌ಡ್ರೈವ್ ಯಾವುದೆಂದು ಗುರುತಿಸಿ. ಅದರ ಹೆಸರು ಎಸ್‌ಡಿಬಿ (sdb) ಆಗಿದ್ದರೆ ಎಸ್‌ಡಿಬಿಗೇ ಬರೆಯಿರಿ, ಎಸ್‌ಡಿಬಿ1 ಎಂಬ ಪಾರ್ಟಿಷನ್‌ಗಲ್ಲ. ಎಸ್‌ಡಿಎ ಎಂದು ಬೆರಳು ತಪ್ಪಿದರೆ ಹಾರ್ಡ್‌ಡಿಸ್ಕೇ ಅಳಿಸಿಹೋಗಬಹುದು, ಎಂಟರ್ ಒತ್ತುವ ಮುನ್ನ ದಯವಿಟ್ಟು ಎರಡು ಸಲ ಓದಿ. ಬರೆದಾದ ಮೇಲೆ ಸಿಂಕ್ (sync) ಆದೇಶ ಕೊಟ್ಟು, ಪ್ರಾಂಪ್ಟ್ ಮರಳಿದ ಮೇಲಷ್ಟೇ ಕೀಳಿ. ಅವಸರ ಮಾಡಿದರೆ ಕೊನೆಯ ಭಾಗ ಮೆಮೊರಿಯಲ್ಲೇ ಉಳಿದು, ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ಸ್ಕ್ವಾಶ್‌ಎಫ್‌ಎಸ್ (ಐಎಸ್‌ಒ ಒಳಗೆ ಫೈಲುಗಳನ್ನು ಕುಗ್ಗಿಸಿಟ್ಟ ಭಾಗ) ಎರರ್ ಎಂದು ನಿಲ್ಲುತ್ತದೆ.

ಇನ್ನೊಬ್ಬರ ಉತ್ತರ: ಬರೆಯುವ ಮುನ್ನ ಎಸ್‌ಎಚ್‌ಎ256 ಮೊತ್ತ (ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ತಾಣದಲ್ಲಿರುವುದಕ್ಕೆ ತಾಳೆ ನೋಡುವುದನ್ನು ಬಿಡಬೇಡಿ. ಆದರೆ ಅದು ಹೇಳುವುದು ಫೈಲು ದಾರಿಯಲ್ಲಿ ಕೆಟ್ಟಿಲ್ಲ ಎಂದಷ್ಟೇ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಕೊಂಡಿಯನ್ನೇ ಬದಲಿಸಿ, ಹಿಂಬಾಗಿಲು ಇಟ್ಟ ಐಎಸ್‌ಒಗೆ ತಿರುಗಿಸಿದ್ದರು. ತಾಣವೇ ಅವರ ಕೈಲಿದ್ದರೆ ಅಲ್ಲಿ ಬರೆದಿರುವ ಮೊತ್ತವನ್ನೂ ತಿದ್ದಬಹುದಲ್ಲ! ಅದಕ್ಕೇ ಮೊತ್ತಗಳ ಫೈಲಿಗೆ ಹಾಕಿರುವ ಜಿಪಿಜಿ ಸಹಿಯನ್ನೂ (ತಯಾರಿಸಿದವರ ಡಿಜಿಟಲ್ ಸಹಿ) ಪರೀಕ್ಷಿಸಿ. ಆ ಸಹಿಯ ಕೀಯ ಬೆರಳಚ್ಚನ್ನು (ಕೀಯ ಗುರುತಿನ ಸಂಖ್ಯೆ) ಬೇರೊಂದು ಮೂಲದಿಂದ ಪಡೆದು ಹೋಲಿಸಿ. ಅಂಗಡಿಯಿಂದ ತಂದ ಡಿವಿಡಿಗೂ ಇದೇ ಪರೀಕ್ಷೆ ಬೇಕು, ಹೊದಿಕೆ ಚೆನ್ನಾಗಿದೆ ಎಂದು ನಂಬಬೇಡಿ. ನೆಟ್ ಆಗಾಗ ಕಡಿಯುತ್ತಿದ್ದರೆ ಟೊರೆಂಟ್ (ತುಣುಕುಗಳಾಗಿ ಇಳಿಸುವ ವಿಧಾನ) ಒಳ್ಳೆಯದು: ನಿಂತಲ್ಲಿಂದ ಮುಂದುವರಿಯುತ್ತದೆ, ತುಣುಕು ತುಣುಕಿಗೂ ತಾನೇ ಹ್ಯಾಶ್ (ಮೇಲೆ ಹೇಳಿದಂಥ ಮೊತ್ತ) ನೋಡಿಕೊಳ್ಳುತ್ತದೆ.

ಮರುಪ್ರಶ್ನೆ: ಆಫೀಸಿನ ಸರ್ವರ್‌ಗೂ ಪುಕ್ಕಟೆಯದೇ ಸಾಕೆ?

ಉತ್ತರ: ರಾತ್ರಿ ಸರ್ವರ್ ಬಿದ್ದರೆ ಎಬ್ಬಿಸುವವರು ನಿಮ್ಮಲ್ಲೇ ಇದ್ದರೆ ಡೆಬಿಯನ್, ಆಲ್ಮಾ, ರಾಕಿ ಎಂಬ ಪುಕ್ಕಟೆ ಡಿಸ್ಟ್ರೋಗಳಲ್ಲಿ ಯಾವುದಾದರೂ ಸಾಕು. ಇಲ್ಲದಿದ್ದರೆ ಸಹಾಯಕ್ಕೆ ದುಡ್ಡು ಕಟ್ಟುವ ಸಬ್‌ಸ್ಕ್ರಿಪ್ಶನ್ ಕೊಳ್ಳಿ, ಆದರೆ ಎಷ್ಟು ಗಂಟೆಯೊಳಗೆ ಉತ್ತರ ಸಿಗುತ್ತದೆ, ರಜಾ ದಿನವೂ ಸಿಗುತ್ತದೆಯೇ ಎಂಬುದನ್ನು ಕರಾರಿನಲ್ಲಿ ಓದಿಯೇ ದುಡ್ಡು ಕಟ್ಟಿ. ಕೆಲವು ಡೇಟಾಬೇಸ್ ಕಂಪನಿಗಳು ತಾವು ಪಟ್ಟಿ ಮಾಡಿದ ಡಿಸ್ಟ್ರೋ ಮೇಲಿದ್ದರೆ ಮಾತ್ರ ದೂರು ತೆಗೆದುಕೊಳ್ಳುತ್ತವೆ, ಆ ಪಟ್ಟಿಯನ್ನು ಡಿಸ್ಟ್ರೋ ಆರಿಸುವ ಮೊದಲೇ ನೋಡಿ.